ಹಳೇ ಕಾರಿಗೆ ಆಯಿಲ್ ಚೇಂಜ್: ಯಾವಾಗ, ಯಾವುದು, ಹೇಗೆ

"ನನ್ನ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡಲ್ಲ. ಆದ್ರೂ ಆಯಿಲ್ ಚೇಂಜ್ ಮಾಡಿಸ್ಬೇಕಾ?" ಹಳೇ ಕಾರು ಇಟ್ಟುಕೊಂಡವರು ಹೆಚ್ಚಾಗಿ ಕೇಳುವುದು ಇದನ್ನೇ. ಎರಡನೇ ಪ್ರಶ್ನೆ, ಯಾವ ಆಯಿಲ್ ಹಾಕಿಸಬೇಕು ಅನ್ನುವುದು. ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: "ಗ್ಯಾರೇಜಿನವರು ನಿಜವಾಗ್ಲೂ ಚೇಂಜ್ ಮಾಡ್ತಾರಾ?"

ಮೊದಲನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ. ಹೌದು, ಮಾಡಿಸಬೇಕು. ಉಳಿದ ಎರಡಕ್ಕೆ ಉತ್ತರ ಸ್ವಲ್ಪ ಉದ್ದ.

ಹಳೇ ಕಾರು ಅಂದರೆ ಇಲ್ಲಿ ಹತ್ತು ವರ್ಷ ದಾಟಿದ್ದು ಎಂದಿಟ್ಟುಕೊಳ್ಳಿ. ಮಾರುತಿ 800, ಝೆನ್, ಸ್ಯಾಂಟ್ರೊ, ಇಂಡಿಕಾ, ಹಳೇ ಸ್ವಿಫ್ಟ್ ಎಲ್ಲವೂ ಇದರಲ್ಲಿ ಬಂದವು. 15 ವರ್ಷ ತುಂಬಿ, ಆರ್‌ಟಿಒಗೆ ತೋರಿಸಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡ ಕಾರುಗಳೂ ಸೇರಿ. ಇಂಥ ಕಾರಿಗೆ ದುಬಾರಿ ಆಯಿಲ್‌ಗಿಂತ ಹೊತ್ತಿಗೆ ಸರಿಯಾಗಿ ಹಾಕಿದ ಸಾಧಾರಣ ಆಯಿಲ್ ಮೇಲು. ಹಾಕಿದ ಮೇಲೆ ಮರೆಯದೆ ಅದರ ಮಟ್ಟ ನೋಡುವುದು ಅದಕ್ಕಿಂತಲೂ ಮೇಲು.

ಓಡದ ಕಾರಿನ ಆಯಿಲ್ ಯಾಕೆ ಕೆಡುತ್ತದೆ?

ಇಂಜಿನ್ ಒಳಗೆ ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ನುಸುಳಿ ಸಂಪ್‌ಗೆ ಇಳಿಯುತ್ತದೆ. ಸಂಪ್ ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಉರಿಯದೆ ಉಳಿದ ಪೆಟ್ರೋಲೂ ಅಷ್ಟಿಷ್ಟು ಅಲ್ಲಿಗೇ ಹೋಗಿ ಸೇರುತ್ತದೆ. ಕಾರು ದೂರ ಓಡಿದರೆ ಆಯಿಲ್ ಚೆನ್ನಾಗಿ ಕಾದು ಎರಡೂ ಆರಿಹೋಗುತ್ತವೆ. ಮನೆಯಿಂದ ತರಕಾರಿ ಅಂಗಡಿ, ಅಲ್ಲಿಂದ ದೇವಸ್ಥಾನ, ವಾಪಸ್ ಮನೆ. ಹೀಗೆ ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ನೀರು ಅಲ್ಲೇ ಉಳಿಯುತ್ತದೆ, ಆಮ್ಲ ಹುಟ್ಟುತ್ತದೆ, ಕೆಸರಿನಂಥ ಕಪ್ಪು ಜಿಡ್ಡು ಕಟ್ಟುತ್ತದೆ. ಮೆಕ್ಯಾನಿಕ್‌ಗಳು ಸ್ಲಡ್ಜ್ ಅನ್ನುವುದು ಇದನ್ನೇ. ಹಾಗಾಗಿ "ಕಾರು ಓಡಿಲ್ಲ, ಆಯಿಲ್ ಹೊಸದಾಗೇ ಇದೆ" ಅನ್ನುವ ಲೆಕ್ಕ ತಲೆಕೆಳಗು.

ಬೆಂಗಳೂರಿನವರಿಗೆ ಇನ್ನೊಂದು ಪಾಡಿದೆ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತರೆ ಕಿಲೋಮೀಟರ್ ಅಂಕಿ ಅಲ್ಲಾಡುವುದಿಲ್ಲ. ಇಂಜಿನ್ ಮಾತ್ರ ಓಡುತ್ತಲೇ ಇರುತ್ತದೆ.

1. ಡಿಪ್‌ಸ್ಟಿಕ್ ನೋಡುವುದನ್ನು ಕಲಿಯಿರಿ

ಚೇಂಜ್ ಮಾಡಿಸುವ ಮಾತು ಆಮೇಲೆ. ಮೊದಲು ಈಗ ಏನಿದೆ, ಎಷ್ಟಿದೆ ನೋಡೋಣ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗೇಟಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಅಳತೆ ಸುಳ್ಳಾಗುತ್ತದೆ. ಓಡಿಸಿ ಬಂದಿದ್ದರೆ ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಕೆಳಗಿಳಿಯಬೇಕು. ಡಿಪ್‌ಸ್ಟಿಕ್ ಅಂದರೆ ಇಂಜಿನ್ ಪಕ್ಕದಲ್ಲಿ ಹಳದಿ ಅಥವಾ ಕೇಸರಿ ಹಿಡಿ ಇರುವ ಉದ್ದನೆಯ ಕಡ್ಡಿ. ಎಳೆಯಿರಿ, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಲೆಕ್ಕಕ್ಕೆ ಬರುವುದು ಎರಡನೇ ಸಲದ್ದು. ತುದಿಯಲ್ಲಿ ಎರಡು ಗುರುತುಗಳಿರುತ್ತವೆ. ಆಯಿಲ್ ಅವೆರಡರ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು.

ಎರಡು ಗುರುತುಗಳ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಮುಕ್ಕಾಲು ಲೀಟರಿನಿಂದ ಒಂದು ಲೀಟರ್. ಸಣ್ಣ ಕಾರಿಗೆ ಹಿಡಿಯುವುದೇ ಸುಮಾರು ಮೂರು ಲೀಟರ್. ಅಂದರೆ ಕೆಳಗಿನ ಗುರುತಿಗೆ ಬಂದಾಗ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಗಿಯೇ ಆಗಿದೆ.

ಹಳೇ ಕಾರಿಗೆ ಇದನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಶಿರಾಡಿ, ಚಾರ್ಮಾಡಿ ಅಂತ ಘಾಟಿ ಹತ್ತುವ ಮೊದಲಂತೂ ನೋಡಲೇಬೇಕು. ಆಯಿಲ್ ಕಡಿಮೆ ಇದ್ದು ತಿರುವಿನಲ್ಲಿ ಒಂದು ಕಡೆ ವಾಲಿದರೆ ಪಂಪ್‌ಗೆ ಆಯಿಲ್ ಬದಲು ಗಾಳಿ ಸಿಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಕಪ್ಪಾದ ತಕ್ಷಣ ಗಾಬರಿ ಬೇಡ. ಡೀಸೆಲ್ ಕಾರಿನ ಆಯಿಲ್ ಹಾಕಿದ ಎರಡೇ ದಿನಕ್ಕೆ ಕಾಡಿಗೆಯಂತೆ ಕಪ್ಪಾಗುತ್ತದೆ, ಅದು ಸಹಜ. ಗ್ಯಾಸ್ ಕಾರಿನದು ಉಲ್ಟಾ. ಅದರ ಆಯಿಲ್ ತಿಂಗಳುಗಟ್ಟಲೆ ಜೇನಿನ ಬಣ್ಣದಲ್ಲೇ ಇದ್ದು, ಬಿಸಿಗೆ ಒಳಗೊಳಗೇ ಹಳತಾಗಿರುತ್ತದೆ. ಬಣ್ಣ ನಂಬಿ ತಡಮಾಡಿದವರಲ್ಲಿ ಗ್ಯಾಸ್ ಕಾರಿನವರೇ ಜಾಸ್ತಿ. ನಿಜವಾಗಿ ಹೆದರಬೇಕಾದದ್ದು ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡಾಗ. ಕೂಲೆಂಟ್ ನೀರು ಆಯಿಲ್‌ಗೆ ಸೇರುತ್ತಿರಬಹುದು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್‌ನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಪ್ಯಾಕಿಂಗ್, ಹೋಗಿದೆಯೇ ಅಂತ ತೋರಿಸುವವರೆಗೆ ಕಾರು ಓಡಿಸಬೇಡಿ. ಆದರೆ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಾತ್ರ ತೆಳು ಕೆನೆ ಇದ್ದರೆ, ಅದು ಬರೀ ಸಣ್ಣ ಓಡಾಟದ ತೇವ. ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿ ಕಡೆ ಇದು ಮಾಮೂಲು. ಒಮ್ಮೆ ಐವತ್ತು ಕಿಲೋಮೀಟರ್ ಓಡಿಸಿ ನೋಡಿ.

2. ನಿಮ್ಮ ಕಾರಿನ ಲೆಕ್ಕ ಹಾಕಿಕೊಳ್ಳಿ

ಕಾರಿನ ಜೊತೆ ಬಂದ ಕೈಪಿಡಿ ಪುಸ್ತಕ ಇದ್ದರೆ ಅದರಲ್ಲಿ ಎರಡು ಅಂಕಿ ಇರುತ್ತವೆ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು. ಯಾವುದು ಮೊದಲೋ ಅದು. ಜನ ಓದುವುದು ಕಿಲೋಮೀಟರನ್ನು ಮಾತ್ರ. ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಧೂಳು, ಸಣ್ಣ ಓಡಾಟ, ಟ್ರಾಫಿಕ್, ಭಾರ, ಇವೆಲ್ಲ ಅದರಲ್ಲಿ ಬರುತ್ತವೆ. ನೋಡಿದರೆ ನಮ್ಮ ಬಹುಪಾಲು ಕಾರುಗಳು ಆ ಪಟ್ಟಿಯವೇ.

ಪುಸ್ತಕ ಕಳೆದುಹೋಗಿದ್ದರೆ ನನ್ನ ಲೆಕ್ಕ ಹೀಗೆ. ಮಿನರಲ್ ಆಯಿಲ್ (ಕಚ್ಚಾ ತೈಲ ಶುದ್ಧಿಮಾಡಿ ತೆಗೆದ ಸಾಧಾರಣ ಆಯಿಲ್) ಆದರೆ 5,000 ಕಿಲೋಮೀಟರ್ ಅಥವಾ ಆರು ತಿಂಗಳು. ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ ದುಬಾರಿ ಆಯಿಲ್) ಆದರೆ 7,500ರಿಂದ 10,000 ಅಥವಾ ಒಂದು ವರ್ಷ. ಬಳ್ಳಾರಿ, ರಾಯಚೂರು ಕಡೆಯ ಧೂಳಿನಲ್ಲಿ ಓಡುವ ಕಾರಾದರೆ ಕಡಿಮೆ ಅಂಕಿಯನ್ನೇ ಹಿಡಿಯಿರಿ. ಏರ್ ಫಿಲ್ಟರ್ ಕೂಡ ಬೇಗ ಬದಲಿಸಿ, ಅದು ತಡೆಯದ ಧೂಳು ಕೊನೆಗೆ ಆಯಿಲ್‌ಗೇ ಬರುತ್ತದೆ.

ತಾರೀಖು ನೆನಪಿಡಲು ಫೋನಿನ ಅಲಾರಂಗಿಂತ ಹಬ್ಬ ಒಳ್ಳೆಯದು. ವರ್ಷಕ್ಕೆ ಒಮ್ಮೆ ಸಾಕು ಅನ್ನುವವರು ಆಯುಧ ಪೂಜೆಗೆ ಮುಂಚೆ ಮಾಡಿಸಿ. ಎರಡು ಸಲ ಬೇಕಾದವರಿಗೆ ಯುಗಾದಿ, ಆಯುಧ ಪೂಜೆ. ಎರಡರ ನಡುವೆ ಸರಿಸುಮಾರು ಆರು ತಿಂಗಳು ಇದ್ದೇ ಇರುತ್ತದೆ. ಪೂಜೆಯ ವಾರ ಮಾತ್ರ ಬೇಡ, ಗ್ಯಾರೇಜ್ ತುಂಬಿರುತ್ತದೆ, ಕೆಲಸ ಗಡಿಬಿಡಿಯಾಗುತ್ತದೆ. ಹದಿನೈದು ದಿನ ಮೊದಲೇ ಹೋಗಿ.

3. ಆಯಿಲ್ ಆರಿಸಿ

ಡಬ್ಬದ ಮೇಲೆ ನೋಡಬೇಕಾದದ್ದು ಎರಡೇ. ಉಳಿದದ್ದೆಲ್ಲ ಜಾಹೀರಾತು.

ಮೊದಲನೆಯದು ಗ್ರೇಡ್. 20ಡಬ್ಲ್ಯೂ-50, 15ಡಬ್ಲ್ಯೂ-40, 5ಡಬ್ಲ್ಯೂ-30 ಅಂತ ಬರೆದಿರುವುದು. ಇದು ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನುವುದರ ಅಳತೆ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಕಡಿಮೆ ಇದ್ದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ. ಎರಡನೇ ಅಂಕಿ ಇಂಜಿನ್ ಕಾದಾಗ ಉಳಿಯುವ ಗಟ್ಟಿತನ. ನಮ್ಮ ಬೀದರ್, ಮಡಿಕೇರಿಯ ಡಿಸೆಂಬರ್ ಚಳಿಗೂ 20ಡಬ್ಲ್ಯೂ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಮೊದಲ ಅಂಕಿಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಎರಡನೆಯದು ಮುಖ್ಯ.

ಕಾರ್ಬೊರೇಟರ್ ಕಾಲದ ಕಾರುಗಳಿಗೆ ಸಾಮಾನ್ಯವಾಗಿ 20ಡಬ್ಲ್ಯೂ-40, 20ಡಬ್ಲ್ಯೂ-50 ಹೇಳಿರುತ್ತಾರೆ. ಆಮೇಲಿನ ಪೆಟ್ರೋಲ್ ಕಾರುಗಳಿಗೆ 10ಡಬ್ಲ್ಯೂ-30, 5ಡಬ್ಲ್ಯೂ-30. ಹಳೇ ಡೀಸೆಲ್‌ಗೆ ಹೆಚ್ಚಾಗಿ 15ಡಬ್ಲ್ಯೂ-40. ಕಾರಿಗೆ ವಯಸ್ಸಾಯಿತು ಅಂತ ಸುಮ್ನೆ ದಪ್ಪ ಆಯಿಲ್ ಹಾಕಿಸಬೇಡಿ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಮಾತ್ರ ಎರಡನೇ ಅಂಕಿಯನ್ನು ಒಂದು ಮೆಟ್ಟಿಲು ಏರಿಸಬಹುದು, 30 ಇದ್ದದ್ದು 40. ಅದಕ್ಕಿಂತ ಜಾಸ್ತಿ ಬೇಡ.

ಎರಡನೆಯದು ಎಪಿಐ ದರ್ಜೆ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್ ಗೊತ್ತುಮಾಡಿದ ಗುಣಮಟ್ಟದ ಗುರುತು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಇಂಜಿನ್‌ಗೆ: ಎಸ್‌ಎಲ್, ಎಸ್‌ಎಂ, ಎಸ್‌ಎನ್, 2020ರಲ್ಲಿ ಬಂದ ಎಸ್‌ಪಿ. ಸಿ ಇಂದ ಶುರುವಾದರೆ ಡೀಸೆಲ್‌ಗೆ: ಸಿಎಚ್-4, ಸಿಐ-4 ಹೀಗೆ. ಪೆಟ್ರೋಲ್ ಕಾರಿಗೆ ಹೊಸ ದರ್ಜೆಯದನ್ನು ಹಾಕಿದರೆ ತೊಂದರೆಯಿಲ್ಲ, ಹಳೆಯದು ಹಾಕಬಾರದು ಅಷ್ಟೆ.

ಬೈಕಿನ ಆಯಿಲ್ ಉಳಿದಿದೆ ಅಂತ ಕಾರಿಗೆ ಸುರಿಯಬೇಡಿ. ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುವ ಬೈಕ್‌ಗೆ ಮಾಡಿದ್ದು ಅದು.

ಮಿನರಲ್ ಒಳ್ಳೆಯದೋ ಸಿಂಥೆಟಿಕ್ ಒಳ್ಳೆಯದೋ? ವರ್ಷಕ್ಕೆ ಎರಡು ಸಲ ತಪ್ಪದೆ ಬದಲಿಸುವವರಾದರೆ ಹಳೇ 800ಕ್ಕೆ ಮಿನರಲ್ ಧಾರಾಳ ಸಾಕು. "ಸಿಂಥೆಟಿಕ್ ಹಾಕಿದ್ರೆ ಹಳೇ ಇಂಜಿನ್ ಸೋರೋಕೆ ಶುರುವಾಗತ್ತೆ" ಅನ್ನುವ ಮಾತಿದೆ. ಅದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಸೀಲ್ ಆಗಲೇ ಸವೆದಿರುತ್ತದೆ, ಜಿಡ್ಡು ಅದನ್ನು ಮುಚ್ಚಿಕೊಂಡಿರುತ್ತದೆ. ಹೊಸ ಆಯಿಲ್ ಆ ಜಿಡ್ಡನ್ನು ತೊಳೆದಾಗ ಸೋರಿಕೆ ಹೊರಗೆ ಕಾಣುತ್ತದೆ.

ಒಂದು ಇಂಜಿನ್‌ನ ಹೆಸರು ಹೇಳಿಯೇ ಎಚ್ಚರಿಸಬೇಕು. ಹಳೇ ಡೀಸೆಲ್ ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಇವೆಲ್ಲದರಲ್ಲೂ ಬಂದದ್ದು ಫಿಯೆಟ್‌ನ ಒಂದೇ 1.3 ಲೀಟರ್ ಡೀಸೆಲ್ ಇಂಜಿನ್. ಅದರಲ್ಲಿ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಆ ಚೈನ್ ಬಿಗಿಯಾಗಿರುವುದು ಆಯಿಲ್ ಒತ್ತಡದಿಂದ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗುವುದೂ ಅದೇ ಆಯಿಲ್ ಪದರದ ಮೇಲೆ. ಈ ಕಾರುಗಳಲ್ಲಿ ಆಯಿಲ್ ತಡಮಾಡಿದರೆ ಮೊದಲು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಚೈನ್ ಗಲಗಲ ಅನ್ನುತ್ತದೆ, ಆಮೇಲೆ ಬಿಲ್ ಬರುತ್ತದೆ. 800ಕ್ಕೆ ತೋರುವ ಉದಾಸೀನವನ್ನು ಇವುಗಳಿಗೆ ತೋರಿಸುವಂತಿಲ್ಲ.

4. ಸಾಮಾನು ನೀವೇ ಕೊಳ್ಳಿ

ಬೇಕಾದದ್ದು ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್. ಡ್ರೈನ್ ಬೋಲ್ಟ್ ಅಂದರೆ ಹಳೇ ಆಯಿಲ್ ಇಳಿಸಲು ಬಿಚ್ಚುವ ಸಂಪ್‌ನ ಬೋಲ್ಟ್. ವಾಷರ್ ಕೆಲವೇ ರೂಪಾಯಿ, ಆದರೆ ಅದನ್ನು ಯಾರೂ ಕೊಳ್ಳುವುದಿಲ್ಲ. ಹಳೇ ವಾಷರ್ ಒಮ್ಮೆ ಬಿಗಿದಾಗಲೇ ಚಪ್ಪಟೆಯಾಗಿರುತ್ತದೆ. ಅದನ್ನೇ ಮತ್ತೆ ಹಾಕಿ, ತೊಟ್ಟಿಕ್ಕಿದಾಗ ಇನ್ನಷ್ಟು ಬಿಗಿದು, ಕೊನೆಗೆ ಸಂಪ್‌ನ ಥ್ರೆಡ್ ಕಿತ್ತುಹೋಗುತ್ತದೆ. ಹಳೇ ಕಾರುಗಳ ತಳ ಸೋರುವುದಕ್ಕೆ ಇದು ದೊಡ್ಡ ಕಾರಣ.

ಫಿಲ್ಟರ್ ಅನ್ನು ಪ್ರತಿ ಸಲವೂ ಬದಲಿಸಿ. ಒಂದು ಸಲ ಬಿಟ್ಟು ಒಂದು ಸಲ ಅನ್ನುವುದು ಸುಳ್ಳು ಉಳಿತಾಯ. ಹಳೇ ಫಿಲ್ಟರ್‌ನಲ್ಲಿ ಕೊಳಕು ಆಯಿಲ್ ಉಳಿದೇ ಇರುತ್ತದೆ, ಅದು ಹೊಸದಕ್ಕೆ ಬೆರೆಯುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ಹಾಗೇ ಇಂಜಿನ್‌ಗೆ ಹೋಗುತ್ತದೆ.

ನಕಲಿ ಆಯಿಲ್ ಬಗ್ಗೆ ಹುಷಾರು. ಪೆಟ್ರೋಲ್ ಬಂಕ್, ಕಂಪನಿಯ ಡೀಲರ್, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಲ್ ಕೊಡುವ ಹಳೇ ಅಂಗಡಿಯಲ್ಲಿ ಕೊಳ್ಳಿ. ಮುಚ್ಚಳದ ಉಂಗುರ, ಒಳಗಿನ ಸೀಲ್, ತಯಾರಾದ ತಿಂಗಳು, ಬ್ಯಾಚ್ ನಂಬರ್ ನೋಡಿ. ಡಬ್ಬದಲ್ಲಿ ಕ್ಯೂಆರ್ ಕೋಡ್ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ. ಬೆಲೆ ಎಲ್ಲ ಕಡೆಗಿಂತ ಮೂರರಲ್ಲೊಂದು ಕಡಿಮೆ ಇದ್ದರೆ ಅಲ್ಲಿ ಕೊಳ್ಳಬೇಡಿ.

5. ಗ್ಯಾರೇಜಿನಲ್ಲಿ ನಿಂತು ನೋಡಿ

ನನಗೆ ಒಮ್ಮೆ ಹೀಗಾಗಿತ್ತು. ಬಿಲ್‌ನಲ್ಲಿ ಹೊಸ ಫಿಲ್ಟರ್ ಇತ್ತು, ಕಾರಿನಲ್ಲಿ ಹಳೆಯದೇ ಇತ್ತು. ಗೊತ್ತಾಗಿದ್ದು ಆರು ತಿಂಗಳ ಮೇಲೆ, ಬೇರೆ ಮೆಕ್ಯಾನಿಕ್ ಬಿಚ್ಚಿದಾಗ. ಅವತ್ತಿನಿಂದ ಹೊಸ ಫಿಲ್ಟರ್ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದು ಕೊಡುತ್ತೇನೆ. ನೀವೂ ಬರೆಯಿರಿ. ಮೆಕ್ಯಾನಿಕ್ ಮುಖ ಸ್ವಲ್ಪ ಸಣ್ಣದಾಗಬಹುದು, ಪರವಾಗಿಲ್ಲ.

ಆಯಿಲ್ ಚೇಂಜ್ ಅರ್ಧ ಗಂಟೆಯ ಕೆಲಸ. "ಸಂಜೆ ಬನ್ನಿ ಸಾರ್" ಅಂದರೆ "ಇಲ್ಲೇ ಇರ್ತೀನಿ" ಅನ್ನಿ. ನೋಡಬೇಕಾದದ್ದು ಇಷ್ಟು. ಇಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸುತ್ತಿದ್ದಾರಾ? ಧಾರೆ ನಿಂತು ಹನಿ ಹನಿ ಆಗುವವರೆಗೆ, ಕಡಿಮೆ ಅಂದರೂ ಹತ್ತು ನಿಮಿಷ, ಬಿಟ್ಟರಾ? ಇಳಿದ ಆಯಿಲ್‌ನಲ್ಲಿ ಹೊಳೆಯುವ ಲೋಹದ ಚೂರು ಇದೆಯಾ? ಬೆರಳಿಗೆ ಮರಳಿನಂತೆ ಸಿಕ್ಕರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಹೊಸ ಡಬ್ಬದ ಸೀಲ್ ನಿಮ್ಮ ಮುಂದೆ ಒಡೆಯಲಿ. ಹಳೇ ಫಿಲ್ಟರ್ ನಿಮ್ಮ ಕೈಗೆ ಬರಲಿ. ಖಾಲಿ ಡಬ್ಬವನ್ನು ಅಲ್ಲೇ ಬಿಡಬೇಡಿ, ಬಿಟ್ಟರೂ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ಬಿಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಇಂಥ ಅಸಲಿ ಡಬ್ಬಗಳೇ.

ಇಂಜಿನ್ ಫ್ಲಶ್ ಮಾಡಿಸಿ ಅಂತ ಒತ್ತಾಯಿಸುತ್ತಾರೆ. ಅದು ಜಿಡ್ಡು ಕರಗಿಸುವ ದ್ರಾವಣ. ವರ್ಷಗಟ್ಟಲೆ ಆಯಿಲ್ ಬದಲಿಸದ ಕಾರಿಗೆ ಇದು ಬೇಡವೇ ಬೇಡ. ಒಮ್ಮೆಗೇ ಎದ್ದ ಜಿಡ್ಡು ಪಂಪ್‌ನ ಜಾಲರಿಗೆ ಹೋಗಿ ಕೂತರೆ ಇಂಜಿನ್‌ಗೆ ಆಯಿಲ್ ನಿಲ್ಲುತ್ತದೆ. ಬದಲಿಗೆ ಸಾಧಾರಣ ಆಯಿಲ್ ಹಾಕಿಸಿ ಸಾವಿರ ಕಿಲೋಮೀಟರ್‌ಗೇ ಒಮ್ಮೆ ಚೇಂಜ್ ಮಾಡಿ. ಜಿಡ್ಡು ನಿಧಾನವಾಗಿ ಹೋಗಲಿ.

6. ನೀವೇ ಮಾಡುವುದಾದರೆ

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಇದು ಕಷ್ಟವಲ್ಲ. ಒಂದೇ ಮಾತು: ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಜ್ಯಾಕ್ ಜಾರುತ್ತದೆ. ಗಟ್ಟಿ ಜ್ಯಾಕ್ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಬೇಕು. ಹಾಲೋ ಬ್ಲಾಕ್ ಇಟ್ಟು ಮಾಡುವವರನ್ನು ನೋಡಿದ್ದೇನೆ. ಆ ಬ್ಲಾಕ್ ಬಿರುಕು ಬಿಡುವ ಮೊದಲು ಯಾವ ಸೂಚನೆಯೂ ಕೊಡುವುದಿಲ್ಲ.

ಇಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಿರಬೇಕು, ಕೈ ಸುಡುವಷ್ಟಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮೇಲಿನ ಆಯಿಲ್ ಮುಚ್ಚಳ ತೆಗೆಯಿರಿ. ಕೆಳಗೆ ಅಗಲದ ಟಬ್ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಅದು ಸಂಪ್‌ನ ತಳದಲ್ಲೋ ಬದಿಯಲ್ಲೋ ಇರುತ್ತದೆ. ಗೇರ್‌ಬಾಕ್ಸ್‌ಗೂ ಅಂಥದೇ ಬೋಲ್ಟ್ ಇರುವುದರಿಂದ ಎರಡು ಸಲ ನೋಡಿ ಕೈ ಹಾಕಿ. ಗೇರ್ ಆಯಿಲ್ ಖಾಲಿ ಮಾಡಿ, ಇಂಜಿನ್‌ಗೆ ಹೊಸದನ್ನೂ ಸುರಿದು, ಎರಡು ಪಟ್ಟು ತುಂಬಿಸಿದವರಿದ್ದಾರೆ.

ಫಿಲ್ಟರ್ ಬಿಚ್ಚಿದ ಮೇಲೆ ಅದರ ಹಳೇ ರಬ್ಬರ್ ಉಂಗುರ ಇಂಜಿನ್‌ಗೇ ಅಂಟಿ ಉಳಿದಿದೆಯಾ ನೋಡಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಎಲ್ಲ ನೆಲಕ್ಕೆ. ಹೊಸ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ಸ್ಪ್ಯಾನರ್ ಬೇಡ. ಮೇಲೆ ಹೇಳಿದ ಫಿಯೆಟ್ ಡೀಸೆಲ್‌ನಂಥ ಕೆಲವು ಇಂಜಿನ್‌ಗಳಲ್ಲಿ ಡಬ್ಬಿ ಫಿಲ್ಟರ್ ಇರುವುದಿಲ್ಲ. ಒಂದು ಮುಚ್ಚಳದೊಳಗೆ ಬರೀ ಕಾಗದದ ಫಿಲ್ಟರ್ ಇರುತ್ತದೆ. ಅಲ್ಲಿ ಮುಚ್ಚಳದ ಓ-ರಿಂಗ್ ಕೂಡ ಬದಲಿಸಬೇಕು.

ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ. ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್. ಎರಡು ನಿಮಿಷ ಓಡಿಸಿ, ಕೆಳಗೆ ಸೋರಿಕೆ ನೋಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗುರುತು ದಾಟಬಾರದು. ಜಾಸ್ತಿಯಾದರೆ ಕ್ರ್ಯಾಂಕ್ (ಇಂಜಿನ್ ಕೆಳಗೆ ತಿರುಗುವ ದಂಡ) ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಇಂಜಿನ್ ಅನ್ನು ಕಾಪಾಡುವುದಿಲ್ಲ.

7. ಹಳೇ ಆಯಿಲ್ ಏನು ಮಾಡಬೇಕು?

ಚರಂಡಿಗೆ ಬೇಡ, ತೆಂಗಿನ ಬುಡಕ್ಕೂ ಬೇಡ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಅದರಲ್ಲಿ ಲೋಹದ ಅಂಶ ಇರುತ್ತದೆ, ಬಾವಿ ನೀರಿಗೆ ಇಳಿದರೆ ತೆಗೆಯಲಾಗುವುದಿಲ್ಲ. ಖಾಲಿ ಡಬ್ಬಕ್ಕೇ ತುಂಬಿ, ಹಳೇ ಆಯಿಲ್ ಡ್ರಮ್ ಇಟ್ಟಿರುವ ಗ್ಯಾರೇಜ್‌ಗೆ ಕೊಡಿ. ಕೊಡುವ ಮೊದಲು ಅದು ಮರುಶುದ್ಧಿಗೆ ಹೋಗುತ್ತದೆಯಾ ಕೇಳಿ.

8. ಚೇಂಜ್ ಆದ ಮೇಲೆ

ಮರುದಿನ ಬೆಳಗ್ಗೆ ಕಾರಿನ ಕೆಳಗೆ ಹಳೇ ಪೇಪರ್ ಹಾಸಿ ನೋಡಿ. ಇನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಡಿಪ್‌ಸ್ಟಿಕ್. ಆಮೇಲೆ ಸಾವಿರ ಕಿಲೋಮೀಟರ್‌ಗೆ ಎಷ್ಟು ಇಳಿಯಿತು ಅಂತ ಬರೆದಿಡಿ. ಹಳೇ ಇಂಜಿನ್ ಸಾವಿರಕ್ಕೆ ಇನ್ನೂರು, ಮುನ್ನೂರು ಎಂಎಲ್ ಕುಡಿದರೆ ನಾನು ಸುಮ್ಮನೆ ಟಾಪ್ ಅಪ್ ಮಾಡಿ ಓಡಿಸುತ್ತೇನೆ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್. ಹೊಗೆ ಇಲ್ಲದೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿರಬಹುದು. ಮೊದಲು ಟ್ಯಾಪೆಟ್ ಕವರ್ (ಇಂಜಿನ್‌ನ ಮೇಲಿನ ಮುಚ್ಚಳ) ಪ್ಯಾಕಿಂಗ್ ನೋಡಿಸಿ, ಅದು ಕಡಿಮೆ ಖರ್ಚಿನದು. ತುರ್ತಿಗೆ ಅದೇ ಗ್ರೇಡಿನ ಬೇರೆ ಕಂಪನಿ ಆಯಿಲ್ ಬೆರೆಸಿದರೆ ಏನೂ ಆಗುವುದಿಲ್ಲ.

ಕೊನೆಗೆ ಆ ಕೆಂಪು ದೀಪ, ಅಲ್ಲಾದೀನನ ದೀಪದಂತೆ ಕಾಣುವುದು. ಅದು ಆಯಿಲ್ ಕಡಿಮೆಯಾಗುತ್ತಾ ಬಂದಿದೆ ಅಂತ ಮೊದಲೇ ಹೇಳುವ ದೀಪ ಅಲ್ಲ. ಒತ್ತಡ ಬಿದ್ದಾಗ ಹತ್ತುವ ದೀಪ. "ಮುಂದಿನ ಊರಲ್ಲಿ ನೋಡೋಣ" ಅಂದರೆ ಆ ಊರಿಗೆ ಹೋಗುವಷ್ಟರಲ್ಲಿ ಇಂಜಿನ್ ಮುಗಿದಿರಬಹುದು. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆ ಇದ್ದರೆ ತುಂಬಿ, ದೀಪ ಆರಿದರೆ ಮಾತ್ರ ಮುಂದೆ ಹೋಗಿ. ಮಟ್ಟ ಸರಿಯಿದ್ದೂ ದೀಪ ಉರಿದರೆ ಟೋ ಗಾಡಿ ಕರೆಸಿ. ಒಂದು ಲೀಟರ್ ಡಬ್ಬ ಯಾವಾಗಲೂ ಡಿಕ್ಕಿಯಲ್ಲಿ ಇರಲಿ, ಜೊತೆಗೆ ಒಂದು ಆಲಿಕೆ ಮತ್ತು ಹಳೇ ಬನಿಯನ್ ಬಟ್ಟೆ.